ಆಯಿಶಮ್ಮನ ಹಸಿರು ಪರದೆ

ಜಾಲ್ಸೂರಿನ ಜಮಾಅತಿನಲ್ಲಿ ಹೆಣ್ಣೊಬ್ಬಳು ತೀರಿಕೊಂಡರೆ, ಖಬರ್ ಗುಂಡಿ ತೋಡುವವರಿಗಿಂತ ಮೊದಲು ಕರೆ ಹೋಗುತ್ತಿದ್ದುದು ಆಯಿಶಮ್ಮನಿಗೆ. ಇಪ್ಪತ್ತೇಳು ವರ್ಷಗಳಿಂದ ಆ ಊರಿನ ಹೆಣ್ಣುಮಕ್ಕಳ ಮಯ್ಯತ್ತನ್ನು, ಅಂದರೆ ಮೃತದೇಹವನ್ನು, ಕಡೆಯ ಬಾರಿ ಮೀಯಿಸಿದ ಕೈಗಳು ಅವಳವು. ಉಳಿದ ದಿನಗಳಲ್ಲಿ ಅವೇ ಕೈಗಳು ಬೀಡಿ ಸುತ್ತುತ್ತಿದ್ದವು. ಎರಡು ಕೆಲಸಕ್ಕೂ ಬೇಕಾದದ್ದು ಒಂದೇ ಎಂದು ಅವಳು ಹೇಳುವುದಿತ್ತು: ಬೆರಳಿಗೆ ಅವಸರ ಇರಬಾರದು.

ಕೆಲಸ ಕಲಿಸಿದವಳು ಅತ್ತೆ. ನೀರಿನ ಬಿಸಿ ಎಷ್ಟಿರಬೇಕು, ಬಲಗಡೆಯಿಂದ ಹೇಗೆ ಆರಂಭಿಸಬೇಕು, ಹೊಕ್ಕುಳಿನಿಂದ ಮೊಣಕಾಲಿನವರೆಗೆ ಹೊದಿಸಿದ ಬಟ್ಟೆ ಸರಿಯದಂತೆ ಅದರಡಿಯಲ್ಲಿ ಕೈಯಾಡಿಸುವುದು ಹೇಗೆ, ಕೊನೆಯ ನೀರಿಗೆ ಕರ್ಪೂರ ಎಷ್ಟು, ಇವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೇಳಿಕೊಟ್ಟ ಅತ್ತೆ, ಉಳಿದ ಒಂದು ಸಂಗತಿಯನ್ನು ಮನಸ್ಸಿಗೆ ಇಳಿಸಲು ವರ್ಷಗಳನ್ನೇ ತೆಗೆದುಕೊಂಡಿದ್ದಳು. ತೊಳೆದವಳು ಕಂಡದ್ದನ್ನು ಯಾರಿಗೂ ಹೇಳಬಾರದು. ಕಂಡದ್ದು ಕಣ್ಣಿಗೆ, ತೊಳೆದದ್ದು ನೀರಿಗೆ, ಬಾಯಿಗೆ ಅದರಲ್ಲಿ ಪಾಲಿಲ್ಲ ಎಂಬುದು ಅತ್ತೆಯ ಮಾತು. ಸತ್ತವರ ಮೈಯ ಗುಟ್ಟನ್ನು ಮುಚ್ಚಿದವರ ಗುಟ್ಟನ್ನು ನಾಳೆ ಸೃಷ್ಟಿಸಿದವನು ಮುಚ್ಚುತ್ತಾನೆ.

ಆ ಮಾತನ್ನು ಆಯಿಶಮ್ಮ ಪಾಲಿಸಿದಳು. ಅದಕ್ಕೆ ತೆತ್ತ ಬೆಲೆಯೂ ಅವಳಿಗೆ ಗೊತ್ತಿತ್ತು. ಕಡಬದ ಕಡೆಗೆ ಮದುವೆಯಾಗಿ ಹೋಗಿದ್ದ ಊರಿನ ಹುಡುಗಿಯೊಬ್ಬಳನ್ನು ಒಮ್ಮೆ ಜ್ವರದಲ್ಲಿ ಹೋದಳೆಂದು ಹೇಳಿ ತವರಿಗೆ ತಂದಿದ್ದರು. ಬೆನ್ನು ತೊಳೆಯಲು ಮಗ್ಗುಲಾಗಿಸಿದಾಗ ಕಂಡ ಗೆರೆಗಳು ಯಾವ ಜ್ವರವೂ ಬರೆಯುವಂಥವಲ್ಲ. ಆಯಿಶಮ್ಮ ನೀರು ಹೊಯ್ದಳು, ಒರೆಸಿದಳು, ಕಫನ್ ಬಟ್ಟೆ ಸುತ್ತಿದಳು, ಹೊರಗೆ ಬಂದು ಆ ಹುಡುಗಿಯ ತಾಯಿಗೆ ಮಗಳ ಮುಖದಲ್ಲಿ ಬೆಳಕಿತ್ತೆಂದು ಹೇಳಿದಳು. ಎರಡು ವರ್ಷ ತುಂಬುವುದರೊಳಗೆ ಅದೇ ಮನೆಗೆ ಇನ್ನೊಬ್ಬ ಮದುಮಗಳು ಹೋದಳು. ಆ ಮದುವೆಯ ಊಟಕ್ಕೆ ಕರೆ ಬಂದಾಗ ಆಯಿಶಮ್ಮ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು.

ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಆರೋಗ್ಯದ ಆ್ಯಪ್ ಊರಿಗೆ ಬಂದಾಗ, ಅದನ್ನು ಮನೆಮನೆಯ ಫೋನಿಗೆ ಹಾಕಿಸುವ ಹೊಣೆ ಆಶಾ ಕಾರ್ಯಕರ್ತೆ ವಸುಮತಿಯ ಮೇಲೆ ಬಿತ್ತು. ಫೋನಿನ ಬ್ಲೂಟೂತ್ ಆರಿಸದೆ ಇಟ್ಟುಕೊಂಡರೆ, ಅದು ಹತ್ತಿರ ಬಂದುಹೋದ ಫೋನುಗಳನ್ನೆಲ್ಲ ಗುರುತಿಟ್ಟುಕೊಳ್ಳುತ್ತದೆ. ಅವುಗಳಲ್ಲಿ ಯಾವುದಾದರೊಂದರ ಒಡೆಯನಿಗೆ ಸೋಂಕಿದ್ದರೆ, ಇಲ್ಲವೇ ಲಕ್ಷಣವಿದೆಯೆಂದು ಅವನೇ ಒತ್ತಿದರೆ, ಹಳದಿಯಾಗಿಯೋ ಕೆಂಪಾಗಿಯೋ ಎಚ್ಚರಿಸುತ್ತದೆ. ಇಲ್ಲದಿದ್ದರೆ ಪರದೆ ಹಸಿರಾಗಿರುತ್ತದೆ. ವಸುಮತಿ ಇಷ್ಟನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬಾರದ ಬ್ಯಾರಿಯಲ್ಲಿ ವಿವರಿಸಿ ಸೋತಿದ್ದಳು. ಒಬ್ಬರಿಗೆ ಬ್ಯಾಟರಿ ಮುಗಿಯುತ್ತದೆಂಬ ಚಿಂತೆ, ಇನ್ನೊಬ್ಬರಿಗೆ ತಮ್ಮ ಹೆಸರು ಯಾವುದೋ ಪಟ್ಟಿಗೆ ಸೇರುತ್ತದೆಂಬ ಹೆದರಿಕೆ. ಜಮಾಅತಿನ ಕಾರ್ಯದರ್ಶಿ ಅಲಿ ಕುಂಞಿ ಮಸೀದಿಯ ಗೇಟಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ಇದು ಹಾಕಿದ್ರೆ ನಾನು ಎಲ್ಲಿದ್ದೇನೆ ಅಂತ ಹೆಂಡತಿಗೆ ಗೊತ್ತಾಗ್ತದಾ ವಸುಮತಿಯಕ್ಕ?"

"ಅದಕ್ಕೆ ಆ್ಯಪ್ ಎಂತಕೆ ಮಾರಾಯ್ರೆ? ಅವರಿಗೆ ಈಗ್ಲೇ ಗೊತ್ತುಂಟು."

ಅಲ್ಲಿದ್ದವರು ನಕ್ಕರು, ಆದರೆ ಯಾರೂ ಫೋನು ಹೊರತೆಗೆಯಲಿಲ್ಲ. ಆಗ ವಸುಮತಿ ಉಪಾಯ ಮಾಡಿ ನೇರ ಆಯಿಶಮ್ಮನ ಮನೆಗೆ ಬಂದಳು. ಊರಿನ ಎಲ್ಲ ಮನೆಗಳ ಹೆಂಗಸರೂ ತಮ್ಮ ಕೊನೆಯ ಸ್ನಾನವನ್ನು ನಂಬಿಕೊಟ್ಟಿದ್ದು ಇವಳಿಗೆ. ಇವಳು ಹಾಕಿಸಿಕೊಂಡ ಮೇಲೆ ಬೇಡವೆನ್ನುವವರು ಯಾರು? ಶಾರ್ಜಾದಲ್ಲಿರುವ ಮಗ ಆಶಿಕ್ ವಿಡಿಯೊ ಕರೆಗೆಂದು ಕಳಿಸಿಕೊಟ್ಟಿದ್ದ ಫೋನನ್ನು ಆಯಿಶಮ್ಮ ತಟ್ಟೆಯಲ್ಲಿ ತಿಂಡಿ ಕೊಡುವಂತೆ ಎರಡು ಕೈಯಲ್ಲಿ ಮುಂದೆ ಹಿಡಿದಳು. ಆ ವಾರ ನಲವತ್ತು ಮನೆಗಳಲ್ಲಿ ಪರದೆ ಹಸಿರಾಯಿತು.

ಐದನೆಯ ತರಗತಿಯವರೆಗೆ ಓದಿದ್ದ ಆಯಿಶಮ್ಮ ಅಕ್ಷರ ಕೂಡಿಸಿ ಆ್ಯಪಿನ ಪ್ರಶ್ನೆಗಳನ್ನು ತಾನೇ ಓದಬಲ್ಲವಳಾಗಿದ್ದಳು. ಜ್ವರವಿದೆಯೇ, ಕೆಮ್ಮಿದೆಯೇ, ವಾಸನೆ ತಿಳಿಯುತ್ತಿಲ್ಲವೇ, ಸೋಂಕಿತರ ಸಂಪರ್ಕಕ್ಕೆ ಬಂದಿದ್ದೀರಾ. ಮುಂಜಾನೆಯ ನಮಾಝು ಮುಗಿಸಿ, ಮುಸಲ್ಲಾ ಚಾಪೆ ಮಡಚುವ ಮೊದಲು ಪ್ರತಿಯೊಂದಕ್ಕೂ ಇಲ್ಲ ಎಂದು ಒತ್ತುವುದು ಅವಳ ದಿನಚರಿಯಾಯಿತು. ಹಸಿರು ಕಂಡ ಮೇಲೆಯೇ ಸೊಸೆ ರಸೀನಾಳ ಕೋಣೆಗೆ ಕಾಲಿಡುತ್ತಿದ್ದಳು.

ಆ ವರ್ಷ ಊರಿನಲ್ಲಿ ಸೋಂಕಿನಿಂದ ಸತ್ತದ್ದು ಒಬ್ಬಳೇ ಹೆಂಗಸು. ಆಸ್ಪತ್ರೆಯಿಂದಲೇ ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಂದರು. ಮೈ ಮುಚ್ಚಿದ ಅಂಗಿ ತೊಟ್ಟ ನಾಲ್ವರು ಹಗ್ಗದಲ್ಲಿ ಇಳಿಸಿದರು. ನೀರಿಲ್ಲ, ಕರ್ಪೂರವಿಲ್ಲ, ಬಾಚಿ ಮೂರು ಜಡೆ ಹೆಣೆಯಲು ಕೂದಲು ಯಾರ ಕೈಗೂ ಸಿಗಲಿಲ್ಲ. ಆಯಿಶಮ್ಮ ಬಿಸಿನೀರು ಕಾಯಿಸಿಟ್ಟು ಕೊನೆಯವರೆಗೂ ಕಾದಿದ್ದಳು. ಸೋಂಕಿಗಿಂತ ಹೆಚ್ಚಾಗಿ ಆ ಪ್ಲಾಸ್ಟಿಕ್ಕಿನ ಸದ್ದು ಊರಿನ ಕಿವಿಯಲ್ಲಿ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ನಡೆದದ್ದಕ್ಕೆಲ್ಲ ಬೇರು ಅಲ್ಲಿತ್ತು.

ಆಶಿಕ್ ಮಳೆಗಾಲದಲ್ಲಿ ಊರಿಗೆ ಬಂದುಹೋಗಿದ್ದ. ಇಪ್ಪತ್ತೊಂದರ ರಂಝಾನಿನ ಹೊತ್ತಿಗೆ ರಸೀನಾಳಿಗೆ ಎಂಟು ತಿಂಗಳು ತುಂಬಿತ್ತು. ಇದಕ್ಕೆ ಮುಂಚಿನ ಮಗುವನ್ನು ಅವಳು ಏಳನೆಯ ತಿಂಗಳಿನಲ್ಲಿ ಕಳೆದುಕೊಂಡಿದ್ದಳು. ರಕ್ತ ನಿಲ್ಲದೆ ತಾನೂ ಹೋಗಿಬಿಡುತ್ತಿದ್ದವಳನ್ನು ಉಳಿಸಿದ್ದು ಪುತ್ತೂರಿನ ಒಂದು ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ. ಈ ಸಲ ನೋವಿಗೆ ಕಾಯದೆ, ಹೇಳಿದ ದಿನಕ್ಕೆ ಬಂದು ಸೇರಬೇಕೆಂದು ಆಕೆ ಕಟ್ಟಪ್ಪಣೆ ಮಾಡಿದ್ದಳು. ದಿನವೂ ಗೊತ್ತಾಗಿತ್ತು: ಮೇ ಹನ್ನೆರಡನೆಯ ತಾರೀಕು, ಬುಧವಾರ. ಸುಳ್ಯದ ಆಸ್ಪತ್ರೆಗಳಲ್ಲಿ ಆಗ ಉಸಿರಿಗಾಗಿ ಕಾಯುವವರೇ ತುಂಬಿದ್ದರು. ರಸೀನಾಳ ಹೊಟ್ಟೆಯ ಚರಿತ್ರೆ ಬಲ್ಲ ಬಾಗಿಲು ಅದೊಂದೇ.

ಆ ಬಾಗಿಲಲ್ಲಿ ಕಾವಲುಗಾರನಿದ್ದ. ಏಪ್ರಿಲಿನ ಪರೀಕ್ಷೆಗೆ ಹೋದಾಗ ಅತ್ತೆ ಸೊಸೆಯರ ಮುಂದೆಯೇ ಅವನು ನೆಲ್ಯಾಡಿಯ ಕಡೆಯ ದಂಪತಿಯನ್ನು ಹಿಂದಕ್ಕೆ ಕಳಿಸಿದ. ಆ ಬಸುರಿಯ ಫೋನು ಕೆಂಪಾಗಿತ್ತು. ಜ್ವರವಿಲ್ಲ, ಕೆಮ್ಮಿಲ್ಲ ಎಂದು ಗಂಡ ಅಂಗಲಾಚಿದ. ಕಾವಲುಗಾರ ಒರಟನಲ್ಲ, ದನಿ ತಗ್ಗಿಸಿಯೇ ಹೇಳಿದ.

"ನಾನು ಎಂತ ಮಾಡುದು ಮಾರಾಯ್ರೆ? ಮುಖ ನೋಡ್ಲಿಕ್ಕೆ ನನ್ನನ್ನು ಇಟ್ಟದ್ದಲ್ಲ, ಬಣ್ಣ ನೋಡ್ಲಿಕ್ಕೆ ಇಟ್ಟದ್ದು. ಕೆಂಪಿನವರಿಗೆ ಮಂಗಳೂರಿನಲ್ಲಿ ಬೇರೆ ವಾರ್ಡುಂಟು."

ಮಂಗಳೂರು ಅಲ್ಲಿಂದ ಐವತ್ತು ಕಿಲೋಮೀಟರು. ಆಯಿಶಮ್ಮ ತಮ್ಮಿಬ್ಬರ ಫೋನುಗಳನ್ನು ಎರಡು ಹಸಿರೆಲೆಗಳಂತೆ ಮುಂದೆ ಚಾಚಿ ಒಳಗೆ ನಡೆದಳು. ಅಂದಿನಿಂದ ರಸೀನಾ ತನ್ನ ಕೋಣೆಯಿಂದ ಹೊರಬರುವುದನ್ನೇ ನಿಲ್ಲಿಸಿದಳು. ಮನೆಗೆ ಬರುವವರನ್ನು ಆಯಿಶಮ್ಮ ಅಂಗಳದ ಗೇಟಿನಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು.

ಆದರೆ ಅವಳನ್ನು ಕರೆಯಲು ಬರುವವರನ್ನು ಹಾಗೆ ಕಳಿಸುವಂತಿರಲಿಲ್ಲ. ಹನ್ನೊಂದು ದಿನಗಳಲ್ಲಿ ನಾಲ್ಕು ಮಯ್ಯತ್. ಮೊದಲ ಎರಡು ಸಾವು ಒಂದೇ ಬೀದಿಯಲ್ಲಿ. ಯಾರೂ ಪರೀಕ್ಷೆ ಮಾಡಿಸಿರಲಿಲ್ಲ, ಪರೀಕ್ಷೆಯೆಂದರೆ ಪ್ಲಾಸ್ಟಿಕ್ಕು. ಒಬ್ಬಳದು ವಯಸ್ಸು, ಇನ್ನೊಬ್ಬಳದು ಅಸ್ತಮಾ ಎಂದರು. ವಸುಮತಿ ಕೊಟ್ಟ ಕೈಗವಸುಗಳನ್ನು ಆಯಿಶಮ್ಮ ತೊಳೆದು ಒಣಗಿಸಿ ಮತ್ತೆ ತೊಟ್ಟಳು. ಎರಡನೆಯ ಸಲಕ್ಕೆ ಅವು ಹರಿದವು. ಮಾಸ್ಕು ನೀರಿಗೆ ತೋಯ್ದು ಮೂಗಿಗೆ ಅಂಟುತ್ತಿತ್ತು, ಅದರೊಳಗಿಂದ ಹೇಳುವ ದುಆ ತನಗೇ ಕೇಳಿಸುತ್ತಿರಲಿಲ್ಲ. ಕೆಳಕ್ಕೆಳೆದುಕೊಂಡಳು.

ಫೋನನ್ನು ಮಾತ್ರ ಅವಳು ಎಂದೂ ಅಲ್ಲಿಗೆ ಒಯ್ದವಳಲ್ಲ. ಕ್ಯಾಮೆರಾ ಇರುವ ವಸ್ತುವನ್ನು ಮಯ್ಯತ್ ಮೀಯಿಸುವ ಮರೆಯೊಳಗೆ ತರುವುದೆಂದರೆ, ಬಟ್ಟೆಯಿಲ್ಲದವಳ ಮುಂದೆ ಅನ್ಯ ಗಂಡಸನ್ನು ನಿಲ್ಲಿಸಿದಂತೆ. ಕರೆ ಬಂದೊಡನೆ ಅವಳು ಫೋನನ್ನು ರಸೀನಾಳ ದಿಂಬಿನ ಪಕ್ಕದ ಗೋಡೆಗೂಡಿನಲ್ಲಿ ಚಾರ್ಜಿಗೆ ಇಟ್ಟು ಹೊರಡುತ್ತಿದ್ದಳು, ಆಶಿಕ್ ತನಗೆ ಕರೆ ಮಾಡಿದರೆ ಸೊಸೆಯಾದರೂ ಎತ್ತಲಿ ಎಂದು. ವಸುಮತಿ ಹೇಳಿದಂತೆ ಬ್ಲೂಟೂತ್ ಒಂದು ದಿನವೂ ಆರಿಸಿರಲಿಲ್ಲ. ಮರಳಿ ಬಂದು, ಬಾವಿಕಟ್ಟೆಯಲ್ಲಿ ತಲೆಯಿಂದ ಮಿಂದು, ಬಟ್ಟೆ ಕುದಿಸಿ, ಪರದೆ ನೋಡುತ್ತಿದ್ದಳು. ನೀವು ಸುರಕ್ಷಿತವಾಗಿದ್ದೀರಿ ಎಂದು ಅದು ಹೇಳುತ್ತಿತ್ತು. ಊರಿನಲ್ಲಿ ಅಷ್ಟು ಅಚ್ಚ ಹಸಿರಾದ ಫೋನು ಇನ್ನೊಂದಿರಲಿಲ್ಲ. ಅಲಿ ಕುಂಞಿಯ ಪರದೆ ಎರಡು ಸಲ ಹಳದಿಯಾಯಿತು, ವಸುಮತಿಯದಂತೂ ತಿಂಗಳಿಗೊಮ್ಮೆ ಬಣ್ಣ ಬದಲಿಸುತ್ತಿತ್ತು. ಆಯಿಶಮ್ಮನ ಪುಣ್ಯದ ಕೈ ಎಂದು ಹೆಂಗಸರು ಆಡಿಕೊಂಡರು. ಅವಳಿಗೂ ಒಳಗೊಳಗೆ ಹಾಗೆನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮೂರನೆಯ ಮಯ್ಯತ್ತಿನ ದಿನ ಕೊನೆಯ ನೀರಿಗೆ ಕರ್ಪೂರ ಪುಡಿಮಾಡುವಾಗ ಅವಳ ಕೈ ಒಮ್ಮೆ ತಡೆಯಿತು. ಪೊಟ್ಟಣವನ್ನು ಮೂಗಿನ ಹತ್ತಿರ ತಂದಳು. ಇನ್ನಷ್ಟು ಹತ್ತಿರ ತಂದಳು. ಹಳೆಯ ದಾಸ್ತಾನು ಮಾರಿದ್ದಾರೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದು, ಎರಡರಷ್ಟು ಹಾಕಿದಳು. ನೀರು ಹೊಯ್ಯುತ್ತಿದ್ದ ಸತ್ತವಳ ತಂಗಿ ಘಾಟಿಗೆ ಕಣ್ಣೊರೆಸಿಕೊಂಡಳು. ಅಳುತ್ತಿದ್ದಾಳೆಂದು ಆಯಿಶಮ್ಮ ತಿಳಿದಳು.

ಮನೆಗೆ ಬಂದು, ಈಗಿನ ಕರ್ಪೂರಕ್ಕೆ ವಾಸನೆಯೇ ಇಲ್ಲವೆಂದು ಗೊಣಗಿದಾಗ ರಸೀನಾ ನಕ್ಕಳು.

"ಎಂತ ಉಮ್ಮ, ನೀವು ಬರುವ ಮೊದಲೇ ನಿಮ್ಮ ಕರ್ಪೂರ ಬಂದಾಯ್ತು. ಗೇಟಿನಿಂದ ಇಲ್ಲಿವರೆಗೆ ಗಮಗಮ."

ನಾಲ್ಕನೆಯವಳು ನೆಬಿಸ, ಆಯಿಶಮ್ಮನ ಓರಗೆಯವಳು. ಇಬ್ಬರೂ ಒಂದೇ ಜಗಲಿಯಲ್ಲಿ ಬೀಡಿ ಸುತ್ತಲು ಕಲಿತವರು. ರಾಜ್ಯದ ಗಡಿಯಾಚೆ ಮಗಳ ಮನೆಯಲ್ಲಿದ್ದವಳನ್ನು ಮಗ ಸಾಹುಲ್ ಹಮೀದ್ ಮುಂಜಾನೆ ಕಾರಿನಲ್ಲಿ ತಂದಿಳಿಸಿದ್ದ. ಬಾಗಿಲಲ್ಲಿ ಆಯಿಶಮ್ಮನನ್ನು ಕಂಡೊಡನೆ, ಯಾರೂ ಕೇಳದಿದ್ದರೂ, ಸಕ್ಕರೆ ಏರಿತ್ತು, ಹಾರ್ಟು ನಿಂತಿತು, ಬೇರೇನಿಲ್ಲ ಎಂದ. ಹೇಳುವಾಗ ಗೋಡೆ ಹಿಡಿದುಕೊಂಡಿದ್ದ. ಎರಡು ಮಾತಿನ ನಡುವೆ ಅವನ ಎದೆ ಏರಿಳಿಯುವುದು ಅಂಗಿಯ ಮೇಲೂ ಕಾಣುತ್ತಿತ್ತು.

ಮರೆಯೊಳಗೆ ಆಯಿಶಮ್ಮ ಗೆಳತಿಯ ಮುಖದ ಬಟ್ಟೆ ಸರಿಸಿದಳು. ಎರಡು ಕೆನ್ನೆಗಳ ಮೇಲೂ ಪಟ್ಟಿ ಬಿಗಿದ ಆಳವಾದ ಗೆರೆ, ಆಮ್ಲಜನಕದ ಮಾಸ್ಕು ದಿನಗಟ್ಟಲೆ ಕೂತಲ್ಲಿ ಉಳಿಯುವಂಥದು. ನೀಲಿಗಟ್ಟಿದ ತುಟಿ. ಮೊಣಕೈಯ ಮಡಿಕೆಯಲ್ಲಿ ಕಿತ್ತ ಅಂಟುಪಟ್ಟಿಯ ಅಂಚು. ಆಸ್ಪತ್ರೆಯಿಂದ, ಉಸಿರಿರುವಾಗಲೇ ಹೇಗೋ ಬಿಡಿಸಿಕೊಂಡು ತಂದಿದ್ದಾನೆ. ಪ್ಲಾಸ್ಟಿಕ್ಕು ತಪ್ಪಿಸಲು. ಆಯಿಶಮ್ಮನಿಗೆ ಎಲ್ಲ ಅರ್ಥವಾಯಿತು. ಬೆಚ್ಚಗಿನ ನೀರಿನಿಂದ ಅಂಟಿನ ಗುರುತನ್ನು ಉಜ್ಜಿ ತೆಗೆದಳು, ಕೆನ್ನೆಯ ಗೆರೆಗಳನ್ನು ಹೆಬ್ಬೆರಳಿನಿಂದ ನೀವಿದಳು. ಮುಖ ಹೇಗಿತ್ತೆಂದು ಹೊರಗಿದ್ದವರು ಕೇಳಿದಾಗ ಬೆಳಕಿತ್ತು ಎಂದಳು.

ಮರುದಿನ ಮುಂಜಾನೆ ಪ್ರಶ್ನೆಗಳ ಮುಂದೆ ಅವಳ ಬೆರಳು ನಿಂತಿತು. ಸೋಂಕಿತರ ಸಂಪರ್ಕ. ಇಂಥವಳಿಗೆ ಸೋಂಕಿತ್ತೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ತನ್ನ ಕಣ್ಣು ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲ ಎಂದು ಒತ್ತಿದಳು. ಪರದೆ ಹಸಿರಾಯಿತು. ಸೊಸೆಯ ಕಾಲಿಗೆ ಎಣ್ಣೆ ತಿಕ್ಕಲು ಹೋದಳು.

ಸೋಮವಾರ ಸಂಜೆ, ಅಸರ್ ನಮಾಝಿನ ಹೊತ್ತಿಗೆ ವಸುಮತಿ ಬಂದು ಗೇಟಿನ ಹೊರಗೇ ನಿಂತಳು. ಸಾಹುಲ್ ಹಮೀದನನ್ನು ಉಸಿರುಗಟ್ಟಿದ ಸ್ಥಿತಿಯಲ್ಲಿ ಸುಳ್ಯಕ್ಕೆ ಒಯ್ದಿದ್ದರು. ಅವನಿಗೆ ಸೋಂಕು ಖಚಿತವಾಗಿತ್ತು. ತಾಯಿಗೆ ಏನಾಗಿತ್ತೆಂದು ಆ ಮನೆಯವರು ಬಾಯಿ ಬಿಡುತ್ತಿಲ್ಲ, ಮೀಯಿಸಿದವಳಿಗೆ ಗೊತ್ತಿರಲೇಬೇಕು ಎಂದಳು. ಆಯಿಶಮ್ಮ ಒಳಗಿನಿಂದ ಫೋನು ತಂದು ಎತ್ತಿ ತೋರಿಸಿದಳು.

"ನೋಡಿ, ಹಸಿರುಂಟು."

ವಸುಮತಿ ಪರದೆಯನ್ನು ನೋಡಿದಳು. ಬಳಿಕ ಆಯಿಶಮ್ಮನ ಮುಖವನ್ನು.

"ಮಯ್ಯತ್ ಮೀಯಿಸುವಾಗ ಈ ಫೋನು ಎಲ್ಲಿತ್ತು?"

"ಅಲ್ಲಿಗೆ ಕ್ಯಾಮೆರಾ ತಕ್ಕೊಂಡು ಹೋಗುದುಂಟಾ ವಸುಮತಿಯಕ್ಕ? ರಸೀನಾನ ತಲೆ ಹತ್ರ ಗೋಡೆಗೂಡಿನಲ್ಲಿ ಇತ್ತು."

"ನಾಲ್ಕು ಸಲವೂ?"

"ಇಪ್ಪತ್ತೇಳು ವರ್ಷವೂ ಅನ್ನಿ."

ವಸುಮತಿ ನಗಲಿಲ್ಲ. ಬ್ಯಾಗನ್ನು ನೆಲಕ್ಕಿಟ್ಟು ಗೇಟಿನ ಕಂಬಕ್ಕೆ ಒರಗಿದಳು.

"ಹಾಗಾದ್ರೆ ಇದು ಹೇಳುದು ನಿಮ್ಮ ಸುದ್ದಿ ಅಲ್ಲ ಆಯಿಶಮ್ಮ. ನಿಮ್ಮ ಗೋಡೆಯ ಸುದ್ದಿ."

ನಾಳೆ ಮೂಗಿನ ದ್ರವ ತೆಗೆಯುವವರನ್ನು ಕರೆತರುತ್ತೇನೆ, ವರದಿಗೆ ನಾಲ್ಕು ದಿನ ಬೇಕು, ಈಗಿಂದೀಗಲೇ ಸೊಸೆಯಿಂದ ದೂರ ಸರಿಯಿರಿ ಎಂದಳು. ನೆಬಿಸಳದ್ದು ಹೌದೋ ಅಲ್ಲವೋ, ಅಷ್ಟು ತಲೆಯಾಡಿಸಿದರೂ ಸಾಕು, ಉಳಿದ ಮನೆಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಇನ್ನೊಮ್ಮೆ ಕೇಳಿದಳು. ಆಯಿಶಮ್ಮ ಗೇಟಿನ ಚಿಲಕ ಹಾಕಿದಳು. ವಸುಮತಿ ಬ್ಯಾಗೆತ್ತಿಕೊಂಡು ಹೋದಳು.

ಹೊರಜಗಲಿಯಲ್ಲಿ ಬೀಡಿ ಎಲೆಯ ಚೀಲಗಳ ನಡುವೆ ಚಾಪೆ ಹಾಸಿ ಆಯಿಶಮ್ಮ ಕುಳಿತಳು. ಕರ್ಪೂರದ ಪೊಟ್ಟಣ ಅಲ್ಲೇ ಗೂಡಿನಲ್ಲಿತ್ತು. ಬಿಡಿಸಿ ಮೂಗಿಗೆ ಹಿಡಿದಳು. ಬೀಡಿ ಎಲೆಯನ್ನು ಹಿಡಿದಳು. ತಂಬಾಕಿನ ತಟ್ಟೆಯ ಮೇಲೆ ಬಾಗಿದಳು. ನಲವತ್ತು ವರ್ಷ ಬೆರಳಿನಿಂದ ಹೋಗದಿದ್ದ ವಾಸನೆ ಎಲ್ಲಿಯೂ ಇರಲಿಲ್ಲ. ಅಂಗಡಿಯವನ ತಪ್ಪಲ್ಲವೆಂದು ಆಗ ತಿಳಿಯಿತು.

ಕಡಬದ ಆ ಹುಡುಗಿಯ ಬೆನ್ನು ಅವಳಿಗೆ ನೆನಪಾಯಿತು. ಅಂದು ಸುಮ್ಮನಿದ್ದುದು ಇನ್ನೊಬ್ಬಳನ್ನು ಆ ಮನೆಗೆ ಕಳಿಸಿತು. ಇಂದೂ ಸುಮ್ಮನಿದ್ದರೆ ನೆಬಿಸಳ ಮನೆಗೆ ಬಂದುಹೋದವರೆಲ್ಲ ತಂತಮ್ಮ ಮನೆಗಳಲ್ಲಿ ಮಕ್ಕಳನ್ನು ಎತ್ತಿಕೊಳ್ಳುತ್ತಿರುತ್ತಾರೆ. ಆದರೆ ಬಾಯಿಗೆ ಪಾಲಿಲ್ಲ. ಬಹಳ ಹೊತ್ತು ತೊಡೆಯ ಮೇಲಿನ ಫೋನನ್ನೇ ನೋಡುತ್ತಿದ್ದವಳಿಗೆ ಒಂದು ದಾರಿ ಕಂಡಂತಾಯಿತು. ಇದಕ್ಕೆ ಹೇಳುವುದು ಬಾಯಿಯಿಂದಲ್ಲ, ಬೆರಳಿನಿಂದ. ಇದು ಮನುಷ್ಯನಲ್ಲ, ಆಡಿಕೊಳ್ಳುವುದಿಲ್ಲ. ನೆಬಿಸಳ ಹೆಸರನ್ನು ಕೇಳುವುದೂ ಇಲ್ಲ. ಯಾರಿಗೆ ತಿಳಿಯಬೇಕೋ ಅವರಿಗೆ ಮಾತ್ರ ತಿಳಿಸುತ್ತದೆ. ಕೊಟ್ಟ ಮಾತೂ ಉಳಿಯುತ್ತದೆ, ಊರೂ ಉಳಿಯುತ್ತದೆ.

ದೇವರ ಹೆಸರಿನ ಬಿಸ್ಮಿ ಹೇಳಿ, ವಾಸನೆಯ ಪ್ರಶ್ನೆಗೆ ಸತ್ಯ ಒತ್ತಿದಳು. ಸಂಪರ್ಕದ ಪ್ರಶ್ನೆಗೆ ಹೌದು ಎಂದು ಒತ್ತಿದಳು. ಪರದೆ ತುಸು ಹೊತ್ತು ಬಿಳಿಯಾಗಿ, ಆಮೇಲೆ ಅಂಚಿನಿಂದ ಅಂಚಿಗೆ ಕೆಂಪಾಯಿತು. ನಿಮ್ಮ ನಿಕಟ ಸಂಪರ್ಕದಲ್ಲಿದ್ದವರಿಗೆ ಸೂಚನೆ ಕಳಿಸಲಾಗಿದೆ ಎಂಬ ಸಾಲು ಮೂಡಿತು. ಇಪ್ಪತ್ತೇಳು ವರ್ಷಗಳ ಭಾರದಲ್ಲಿ ಒಂದಿಷ್ಟನ್ನು ಯಾರೋ ಇಳಿಸಿಕೊಂಡಂತೆ ಅವಳು ಉಸಿರು ಬಿಟ್ಟಳು.

ಒಳಕೋಣೆಯಿಂದ ಗಂಟೆಯ ಸದ್ದು ಕೇಳಿಸಿತು. ಒಂದೇ ಸಲ.

"ಉಮ್ಮ," ರಸೀನಾಳ ದನಿ. "ನಾನು ಎಲ್ಲಿಗೂ ಹೋಗ್ಲಿಲ್ಲ. ನನ್ನದು ಎಂತಕೆ ಕೆಂಪಾದದ್ದು?"

ಹನ್ನೊಂದು ದಿನ ಆ ಫೋನು ನೆಬಿಸಳ ಮನೆಯನ್ನು ಕಂಡಿರಲಿಲ್ಲ, ಅಲ್ಲಿ ನೆರೆದಿದ್ದ ಯಾರನ್ನೂ ಕಂಡಿರಲಿಲ್ಲ. ಅದು ಕಂಡದ್ದು ಒಂದೇ ಒಂದು ಫೋನನ್ನು, ದಿಂಬಿನ ಪಕ್ಕದಲ್ಲಿ, ಹಗಲೂ ಇರುಳೂ. ಆಯಿಶಮ್ಮ ಮತ್ತೆ ಪ್ರಶ್ನೆಗಳನ್ನು ತೆರೆದು ಇಲ್ಲ ಎಂದು ಒತ್ತಲು ನೋಡಿದಳು. ನಿಮ್ಮ ಉತ್ತರ ದಾಖಲಾಗಿದೆ ಎಂದು ಅದು ಹೇಳಿತು. ಇನ್ನೊಮ್ಮೆ ಒತ್ತಿದಳು. ಅದೇ ಸಾಲು. ಬಾಗಿಲಿಗೆ ಬಂದ ರಸೀನಾ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದಳು.

"ಅಲ್ಲೇ ನಿಲ್ಲು ಮೋಳೇ. ಹತ್ರ ಬರ್ಬೇಡ."

ಬುಧವಾರದವರೆಗೆ ನೋವು ಕಾಯಲಿಲ್ಲ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನೀರೊಡೆಯಿತು. ವಸುಮತಿ ಕಾರು ಮಾಡಿ ತಂದಳು. ಕೆಂಪು ಪರದೆಯ ಬಸುರಿಯ ಪಕ್ಕದಲ್ಲಿ ಕೂರಲು ಅವಳಲ್ಲದೆ ಬೇರೆ ಯಾರೂ ಒಪ್ಪಿರಲಿಲ್ಲ. ಆಯಿಶಮ್ಮನಿಗೆ ಹೋಗುವಂತಿರಲಿಲ್ಲ. ಕಾರಿನ ಕಿಟಕಿಯಿಂದ ರಸೀನಾ ನೋಡಿದಳು. ಅತ್ತೆ ಅಂಗಳದಾಚೆಯಿಂದಲೇ ಕೈಯೆತ್ತಿದಳು. ಹೊರಡುವ ಮುನ್ನ ಆಯಿಶಮ್ಮ ಅಷ್ಟು ದೂರದಿಂದಲೇ ವಸುಮತಿಗೆ ಕೂಗಿ ಹೇಳಿದಳು. ಕೆನ್ನೆಯ ಗೆರೆ, ತುಟಿಯ ನೀಲಿ, ಅಂಟುಪಟ್ಟಿ, ಎಲ್ಲವನ್ನೂ, ನೆಬಿಸಳ ಹೆಸರು ಹಿಡಿದು. ಬೀದಿಗೆ ಕೇಳಿಸಿತು. ತನ್ನ ಅತ್ತೆ ಕಲಿಸಿದ್ದು ಅಲ್ಲಿಗೆ ಮುಗಿಯಿತು.

"ನಿನ್ನೆ ತಲೆ ಆಡಿಸಿದ್ರೆ ಸಾಕಿತ್ತು ಆಯಿಶಮ್ಮ," ಎಂದು ವಸುಮತಿ ಕಾರಿನ ಬಾಗಿಲು ಹಾಕಿಕೊಂಡಳು.

ಮುಕ್ಕಾಲು ಗಂಟೆಯ ಬಳಿಕ ಪುತ್ತೂರಿನ ಆ ಗೇಟಿನ ಮುಂದಿನಿಂದ ಕರೆ ಬಂತು. ವಸುಮತಿ ಯಾರೊಡನೆಯೋ ವಾದಿಸುತ್ತಿದ್ದಳು, ತಾನು ಕರೆ ಮಾಡಿದ್ದೇನೆಂಬುದನ್ನೇ ಮರೆತಂತೆ. ಡಾಕ್ಟರಮ್ಮನನ್ನು ಕರೆಯಿರಿ, ಅವರಿಗೆ ಇವಳ ಗುರುತುಂಟು ಎನ್ನುತ್ತಿದ್ದಳು. ಡಾಕ್ಟರಮ್ಮ ಆಪರೇಶನಿನಲ್ಲಿದ್ದಾರಂತೆ. ಅದರ ಹಿಂದಿನಿಂದ ರಸೀನಾಳ ನರಳಾಟ. ನಡುವೆ ಆಯಿಶಮ್ಮನಿಗೆ ಪರಿಚಯವಿದ್ದ ತಗ್ಗಿದ ದನಿಯೊಂದು ಸ್ಪಷ್ಟವಾಗಿ ಕೇಳಿಸಿತು.

"ನಾನು ಎಂತ ಮಾಡುದು ಅಕ್ಕ? ಮುಖ ನೋಡ್ಲಿಕ್ಕೆ ನನ್ನನ್ನು ಇಟ್ಟದ್ದಲ್ಲ."

ಕಾರು ಮಂಗಳೂರಿನ ಕಡೆ ತಿರುಗಿತೆಂದು ವಸುಮತಿ ಹೇಳಿದಳು. ದಾರಿಯಲ್ಲಿ ಎಲ್ಲಿಯೋ ಕರೆ ಕಡಿದುಹೋಯಿತು.

ಆಯಿಶಮ್ಮ ಜಗಲಿಯಲ್ಲಿ ಕುಳಿತು ಕಾದಳು. ಮಧ್ಯಾಹ್ನದ ಝುಹರಿನ ಬಾಂಗ್ ಆಯಿತು. ಫೋನು ಚಾಪೆಯ ಮೇಲೆ ಕೆಂಪಾಗಿ ಬಿದ್ದಿತ್ತು, ಸದ್ದಿಲ್ಲ. ಅವಳ ಕೈಗಳು ತಾವಾಗಿಯೇ ಗೂಡಿನ ಕಡೆ ಹೋಗಿ ಕರ್ಪೂರದ ಪೊಟ್ಟಣವನ್ನು ತೆಗೆದವು. ಯಾರನ್ನು ಮೀಯಿಸುವ ನೀರಿಗೆಂದು ಕೇಳಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ. ಮೂಗಿನ ಹತ್ತಿರ ತಂದು ಉಸಿರೆಳೆದಳು. ಇನ್ನೊಮ್ಮೆ ಎಳೆದಳು.